ಮುದ್ದೆಯ ಚಿಪ್ಪಿಗೆ ಬಂದ ಕೊಳೆರೋಗ

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಷ್ಟು ಕಾಲ ಜನ ನನ್ನನ್ನು ಹೊಗಳುತ್ತಿದ್ದದ್ದು ಒಂದೇ ಮಾತಿನಲ್ಲಿ. 'ಸಿಸ್ಟರ್, ನಿಮ್ಮ ಕೈಗುಣ ಒಳ್ಳೇದು.' ತೋಟದಲ್ಲಿ ನೆರಳುಮರದ ಕೊಂಬೆ ಕಡಿಯುವ ಮರಗಸಿ ಮಾಡುವಾಗ ಕತ್ತಿ ತಗಲಿದ ಮೊಣಕಾಲು, ಸಕ್ಕರೆ ಕಾಯಿಲೆಯವರ ಆರದ ಹುಣ್ಣು, ಬಿಸಿನೀರು ಬಿದ್ದ ಮಕ್ಕಳ ಕೈ, ಎಲ್ಲವೂ ನಾನು ಪಟ್ಟಿ ಕಟ್ಟಿದರೆ ಬೇಗ ಮಾಯುತ್ತವೆ ಎಂಬ ಸುದ್ದಿ ಹೇಗೋ ಹಬ್ಬಿತ್ತು. ನೆಲ್ಯಹುದಿಕೇರಿ ಕಡೆಯ ತೋಟದ ಕೂಲಿ ಲೈನ್‌ಗಳಿಂದ ಬಂದವರೂ ಡಾಕ್ಟರ ಕೋಣೆ ದಾಟಿ ನನ್ನ ಟೇಬಲ್ಲಿನ ಮುಂದೆ ಬಂದು ಕೂರುತ್ತಿದ್ದರು. ಹಾಗೆ ಹೊಗಳಿದಾಗ ನಾನು ಹಳೆಯ ಹತ್ತಿಯನ್ನು ಬಕೆಟ್ಟಿಗೆ ಹಾಕಿ ಮುಂದಿನವರನ್ನು ಕರೆಯುತ್ತಿದ್ದೆ. ಸಿಡುಕಿ ಎಂಬ ಹೆಸರೂ ಬಂತು, ಬರಲಿ. ಗಾಯ ಮಾಯುವುದು ಸ್ವಚ್ಛವಾಗಿಟ್ಟರೆ, ಒಣಗಿಸಿಟ್ಟರೆ. ಮುಟ್ಟಿದವರ ಕೈಯ ಗುಣದಿಂದಲ್ಲ. ಇದು ನನಗೆ ಹನ್ನೊಂದನೇ ವಯಸ್ಸಿಗೇ ಗೊತ್ತಿತ್ತು. ಗೊತ್ತಿದ್ದೂ ಒಂದು ಸಲ, ಒಬ್ಬರೇ ಒಬ್ಬರ ಹತ್ತಿರ, ಗೊತ್ತಿಲ್ಲದವಳ ಹಾಗೆ ನಡೆದುಕೊಂಡೆ. ಅದನ್ನು ಹೇಳಬೇಕಾದರೆ ಒಂದು ಆಮೆಯ ಚಿಪ್ಪಿನ ವಿಷಯವನ್ನೆಲ್ಲ ಹೇಳಬೇಕು.

ನಮ್ಮಪ್ಪ ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಎಂದರೆ ಕತೆ ಪುಸ್ತಕ ಬರೆಯುವವರಲ್ಲ. ಬೆಳಿಗ್ಗೆ ಕೆಲಸದವರ ಹಾಜರಿ ಹಾಕಿ, ಯಾರು ಯಾವ ಬ್ಲಾಕಿಗೆ ಎಂದು ಹಂಚಿ, ಸಂಜೆಯವರೆಗೆ ಅವರ ಹಿಂದೆ ಗುಡ್ಡ ಹತ್ತಿ ಇಳಿಯುವವರು. ಎಸ್ಟೇಟಿನವರು ಕೊಟ್ಟ ಕ್ವಾರ್ಟರ್ಸಿನಲ್ಲಿ ನಾವಿದ್ದೆವು. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆ. ಮುಂದಿನದರಲ್ಲಿ ಅಪ್ಪನ ಮೇಜು ಮತ್ತು ಕಾಫಿ ಬೀಜದ ಸ್ಯಾಂಪಲ್ ಪೊಟ್ಟಣಗಳು, ನಡುವಿನದರಲ್ಲಿ ಅವ್ವನ ಮಂಚ, ಹಿಂದೆ ಅಜ್ಜಿಯ ಅಡುಗೆಮನೆ. ಅದರಾಚೆ ಹಿತ್ತಿಲು, ಬಟ್ಟೆ ಒಗೆಯುವ ಕಲ್ಲು, ತಾಮ್ರದ ಹಂಡೆ ಹೂತಿದ್ದ ಬಚ್ಚಲುಮನೆ. ಮನೆ ನಮ್ಮದಲ್ಲವಾದ್ದರಿಂದ ಗೋಡೆಗೆ ಮೊಳೆ ಹೊಡೆಯುವುದಕ್ಕೂ ಅಪ್ಪ ಎರಡು ದಿನ ಯೋಚಿಸುತ್ತಿದ್ದರು. ನಾವು ಉತ್ತರ ಕೊಡಗಿನ ಶನಿವಾರಸಂತೆ ಕಡೆಯವರು, ವಿಭೂತಿ ಹಚ್ಚುವವರು, ಮುದ್ದೆ ಉಣ್ಣುವವರು. ಲೈನ್‌ಗಳಲ್ಲಿ ತಮಿಳು, ಮಲಯಾಳಂ, ಪಕ್ಕದ ತೋಟದಲ್ಲಿ ಅರೆಭಾಷೆ, ಧಣಿಗಳ ಮನೆಯಲ್ಲಿ ಕೊಡವ ಭಾಷೆ. ಇಷ್ಟರ ಮಧ್ಯೆ ಅಜ್ಜಿ ಯಾರ ಜೊತೆಗೂ ತನ್ನ ಊರಿನ ಮಾತನ್ನೇ ಆಡಿ ಎಲ್ಲರಿಗೂ ಅರ್ಥ ಮಾಡಿಸುತ್ತಿದ್ದಳು. ಅವಳ ನಾಲಿಗೆ ಚುರುಕು. ಆ ಚುರುಕೇ ಮನೆಗೆ ಮುಳುವಾಯಿತು.

ನನಗೊಬ್ಬ ತಮ್ಮ ಹುಟ್ಟಿ ಮೂರು ತಿಂಗಳು ಇದ್ದ. ಅವ್ವ ದಿನಾ ಬೆಳಿಗ್ಗೆ ಹಿತ್ತಿಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಕೆಳಗೆ ಮಲಗಿಸಿಕೊಂಡು, ಬೆಚ್ಚಗಿನ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದಳು. ಒಂದು ವಾರ ಜ್ವರ ಬಂತು, ಹೋಗಿಬಿಟ್ಟ. ಅದಾಗಿ ತಿಂಗಳೊಪ್ಪತ್ತಿಗೆ ಅಡುಗೆಮನೆಯಲ್ಲಿ ಜಗಳವಾಯಿತು. ಜಗಳ ಶುರುವಾದದ್ದು ಮಗುವಿನಿಂದಲ್ಲ, ಮೊಸರಿನಿಂದ. ಅವ್ವ ಹೆಪ್ಪು ಹಾಕಿದ ಹಾಲು ಎರಡು ದಿನ ಸರಿಯಾಗಿ ಮೊಸರಾಗದೆ ನೀರುನೀರಾಗಿ ಉಳಿದಿತ್ತು. ಅಜ್ಜಿ ಪಾತ್ರೆಯನ್ನು ಬಗ್ಗಿಸಿ ನೋಡಿ ಹೇಳಿದಳು:

"ನಿನ್ ಕೈಗುಣವೇ ಇಷ್ಟು ಕಣೆ. ಹಾಲ್ ಮುಟ್ಟಿದ್ರೆ ಹಾಲ್ ಕೆಡ್ತದೆ, ಕೂಸ್ ಮುಟ್ಟಿದ್ರೆ..."

ಅಲ್ಲಿಗೆ ನಿಲ್ಲಿಸಿದಳು. ನಿಲ್ಲಿಸಿ ಏನು ಬಂತು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವ್ವ ಪಾತ್ರೆಯನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡು ನಡುಕೋಣೆಗೆ ಹೋದಳು. ಅಂದಿನಿಂದ ಅವಳು ಹಾಲು ಮುಟ್ಟಲಿಲ್ಲ, ಒಲೆ ಹಚ್ಚಲಿಲ್ಲ, ಹಿತ್ತಿಲಲ್ಲಿ ಕೊತ್ತಂಬರಿ ಬೀಜ ಹಾಕಲಿಲ್ಲ, ನನ್ನ ಜಡೆ ಹೆಣೆಯಲಿಲ್ಲ. ಮಂಚದ ಅಂಚಿನಲ್ಲಿ ಎರಡೂ ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಅಜ್ಜಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದು, 'ಏನೋ ಬಾಯಿಗ್ ಬಂದಿದ್ದು ಅಂದ್ಬಿಟ್ಟೆ ಕಣವ್ವ, ಬಾ ಒಲೆ ಮುಂದೆ ಕೂತ್ಕ' ಎಂದರೆ, 'ಇರ್ಲಿ ಬುಡಿ ಅತ್ತೆ' ಅನ್ನುತ್ತಿದ್ದಳು, ಅಷ್ಟೇ. ಹಾಜರಿ ಹಾಕಲು ಹೋಗುವ ಮೊದಲು ಅಪ್ಪನೇ ನನ್ನ ತಲೆ ಬಾಚಿ, ಕಾಫಿ ಚೀಲದ ಬಾಯಿ ಬಿಗಿದ ಹಾಗೆ ಜಡೆ ಬಿಗಿದು ಕಳಿಸುತ್ತಿದ್ದರು. ಮನೆಯಲ್ಲಿ ಯಾರೂ ಅಳಲಿಲ್ಲ, ನಾನೂ ಅಳಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲಿಗೆ ಜೋಮು ಹಿಡಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ಒಳಗೆ ಹಾಗೆ ಆಗಿತ್ತು. ಉಣ್ಣುತ್ತಿದ್ದೆ, ಸ್ಕೂಲಿಗೆ ಹೋಗುತ್ತಿದ್ದೆ, ಬರುತ್ತಿದ್ದೆ.

ಹಣ್ಣು ಪಿಕಿಂಗ್ ಮುಗಿದು ಕಳೆ ಹೊಡೆಯುವ ಕೆಲಸ ನಡೆದಿದ್ದಾಗ ಒಂದು ಮಧ್ಯಾಹ್ನ ಲೈನಿನ ಸೆಲ್ವಿ ನಮ್ಮ ಹಿತ್ತಿಲಿಗೆ ಬಂದಳು. ನಮ್ಮ ಮನೆಗೆ ಸೌದೆ ತಂದುಕೊಡುತ್ತಿದ್ದವಳು ಅವಳೇ. ಸೊಂಟಕ್ಕೆ ಕಟ್ಟಿದ್ದ ಗೋಣಿಯಿಂದ ಒಂದು ಕಾಡಾಮೆಯನ್ನು ತೆಗೆದು ಒಗೆಯುವ ಕಲ್ಲಿನ ಮೇಲಿಟ್ಟಳು. ಅಜ್ಜಿ ಕಟ್ಟುವ ಮುದ್ದೆಗಿಂತ ಒಂದು ಸುತ್ತು ದೊಡ್ಡದು. ಕಂದು ಹಳದಿ ಚಿಪ್ಪು, ಅಲ್ಲಲ್ಲಿ ಕಪ್ಪು, ಒಂದೊಂದು ಬಿಲ್ಲೆಯ ಮೇಲೂ ಕಡಿದ ಮರದಲ್ಲಿ ಕಾಣುವಂಥ ಸುತ್ತುಗೆರೆಗಳು. ತಲೆ ಕಾಲು ಎಲ್ಲ ಒಳಗೆ.

"ಪಾಪ ಅಮ್ಮಾ ಇದು. ಲೈನ್‌ಗೆ ತಗೊಂಡೋದ್ರೆ ಕೊಯ್ದು ಕೊಳಂಬು ಮಾಡ್ಬಿಡ್ತಾರೆ. ನೀವ್ ಇಟ್ಕೊಳ್ಳಿ. ಆದ್ರೆ ಮನೆ ಒಳಗೆ ಮಾತ್ರ ಬಿಡ್ಬೇಡಿ, ಆಮೆ ಬಂದ್ ಸೇರಿದ ಮನೆ ಉದ್ಧಾರ ಆಗಲ್ಲ ಅಂತಾರೆ ನಮ್ ಕಡೆ."

"ಹೋಗೆ ಹೋಗೆ," ಅಂದಳು ಅಜ್ಜಿ. "ಶಿವನ ಗುಡೀಲಿ ನೆಲದ್ ಮೇಲೆ ಏನ್ ಕೆತ್ತಿರ್ತಾರೆ? ಆಮೇನೇ ಅಲ್ವಾ? ದೇವರ ಮನೆಗಾಗಿದ್ದು ನಮ್ ಮನೆಗಾಗಲ್ವಾ?"

ಈ ಗದ್ದಲಕ್ಕೆ ಅವ್ವ ನಡುಕೋಣೆಯಿಂದ ಎದ್ದು ಬಂದಳು. ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಬೆರಳ ಗೆಣ್ಣಿನಿಂದ ಚಿಪ್ಪನ್ನು ಟಕ್ ಟಕ್ ಎಂದು ತಟ್ಟಿ ನೋಡಿದಳು. 'ಗಟ್ಟಿ ಐತೆ' ಅಂದಳು. ಇನ್ನೊಂದು ಸಲ ತಟ್ಟಿ, 'ಇದಕ್ಕೇನೂ ಆಗಲ್ಲ' ಅಂದಳು. ಅವಳು ತಾನಾಗಿ ಏನನ್ನಾದರೂ ಮುಟ್ಟಿದ್ದನ್ನು ನಾನು ನೋಡಿದ್ದು ಎಷ್ಟೋ ತಿಂಗಳ ಮೇಲೆ. ಅಜ್ಜಿ ಸೆಲ್ವಿಗೆ ಕಣ್ಣಲ್ಲೇ ಸುಮ್ಮನಿರು ಎಂದಳು. ಆಮೆ ನಮ್ಮಲ್ಲೇ ಉಳಿಯಿತು, ನಾನು ಅದಕ್ಕೆ ಮುದ್ದೆ ಎಂದು ಹೆಸರಿಟ್ಟೆ.

ಮಾರನೇ ಬೆಳಿಗ್ಗೆ ಅವ್ವ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಹಿತ್ತಿಲಿಗೆ ಬಂದು ಕಾಲು ನೀಡಿ ಕೂತಳು. ಆಮೆಯನ್ನು ಮೊಣಕಾಲ ಕೆಳಗಿಟ್ಟುಕೊಂಡು ಬಿಲ್ಲೆ ಬಿಲ್ಲೆಗೂ ಎಣ್ಣೆ ತಿಕ್ಕಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ ಅಜ್ಜಿ ಹಾಗೇ ಒಳಗೆ ಹೋದಳು. ಅದು ದಿನದ ನಡಾವಳಿಯಾಯಿತು. ಸೋಮವಾರ ಎಣ್ಣೆಯಾದ ಮೇಲೆ ಅಜ್ಜಿ ಚಿಪ್ಪಿನ ಮೇಲೆ ಮೂರು ಗೆರೆ ವಿಭೂತಿಯನ್ನೂ ಎಳೆಯುತ್ತಿದ್ದಳು. ಚಿಪ್ಪು ಮಿರಮಿರ ಮಿಂಚುತ್ತಿತ್ತು, ಬಂದವರೆಲ್ಲ ಮೆಚ್ಚುತ್ತಿದ್ದರು, ಹೊಳಪೇ ಆರೋಗ್ಯವೆಂದು ನಾವೂ ತಿಳಿದಿದ್ದೆವು. ಅದಕ್ಕಿಂತ ಹೆಚ್ಚಾಗಿ, ಅವ್ವ ಎರಡನೇ ಸಲ ಸಾರು ಹಾಕಿಸಿಕೊಳ್ಳತೊಡಗಿದ್ದಳು. ಬಟ್ಟಲೆಲ್ಲಿ, ಎಣ್ಣೆಯೆಲ್ಲಿ ಎಂದು ಅಜ್ಜಿಯನ್ನು ಕೇಳುತ್ತಿದ್ದಳು. ಎಸ್ಟೇಟಿನ ಜೀಪು ಗೋಣಿಕೊಪ್ಪಲಿಗೆ ಹೋದಾಗ ಯಾರೂ ಹೇಳದಿದ್ದರೂ ಅಪ್ಪ ಎರಡು ಬಾಟಲಿ ಕೊಬ್ಬರಿ ಎಣ್ಣೆ ತಂದಿಟ್ಟರು. 'ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ, ನಿಮ್ಮವ್ವಂಗೆ ಆಮೆ ಮುದ್ದು' ಎಂದು ಅಜ್ಜಿ ನನ್ನ ಕಿವಿಯಲ್ಲಿ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ನನಗೆ ಆಗುತ್ತಿದ್ದದ್ದನ್ನು ನೇರವಾಗಿ ಹೇಳಿಬಿಡುತ್ತೇನೆ, ಹೊಟ್ಟೆಕಿಚ್ಚು. ನನ್ನೊಳಗೆ ಜೀವ ಇದ್ದ ಭಾವನೆ ಅದೊಂದೇ. ಒಂದು ದಿನ ಬಾಚಣಿಗೆ ಹಿಡಿದು, ಬಿಚ್ಚಿದ ಕೂದಲಲ್ಲಿ ಅವಳ ಪಕ್ಕ ಹೋಗಿ ಕೂತೆ.

"ಅಪ್ಪನ ಹತ್ರ ಹಾಕಿಸ್ಕೊ ಮಗಾ."

"ನೀನ್ ಹಾಕು. ಇದಕ್ಕಾದ್ರೆ ದಿನಾ ಹಚ್ತೀಯ."

"ಇದಾದ್ರೆ ಚಿಪ್ಪು. ಏನಾಯ್ತದೆ ಇದಕ್ಕೆ?" ಅಂದಳು ಅವ್ವ. ನನ್ನ ಮುಖ ನೋಡಲಿಲ್ಲ.

ಅವಳು ನನ್ನನ್ನು ಮುಟ್ಟದಿದ್ದದ್ದು ನನಗೇನಾದರೂ ಆದೀತೆಂಬ ಹೆದರಿಕೆಯಿಂದ ಎಂದು ಅಷ್ಟರಲ್ಲೇ ಗೊತ್ತಾಗಬೇಕಿತ್ತು. ಗೊತ್ತಾಗಿಯೂ ಇತ್ತು ಅಂತಲೇ ಇಟ್ಟುಕೊಳ್ಳಿ. ಗೊತ್ತಾದದ್ದರಿಂದ ಜಡೆಯೇನೂ ಆಗುವುದಿಲ್ಲವಲ್ಲ. ಬಾಚಣಿಗೆ ತೆಗೆದುಕೊಂಡು ಅಪ್ಪನ ಹತ್ತಿರ ಹೋದೆ.

ಮಳೆಗಾಲ ಬಂತು. ಹಿತ್ತಿಲಲ್ಲಿ ಬಿಡಲಾಗದೆ ಮುದ್ದೆಯನ್ನು ಬಚ್ಚಲುಮನೆಯ ಮೂಲೆಗೆ, ಹಂಡೆಯ ಒಲೆಯ ಬೆಚ್ಚಗಿನ ಜಾಗಕ್ಕೆ ತಂದೆವು. ಬೆಚ್ಚಗೇನೋ ಇತ್ತು, ಆದರೆ ಆ ಸಿಮೆಂಟಿನ ನೆಲ ಒಂದು ದಿನವೂ ಒಣಗುತ್ತಿರಲಿಲ್ಲ. ದಿನಾ ಎಣ್ಣೆ, ಕೆಳಗೆ ನೀರು, ಮೇಲೆ ಒಲೆಯ ಬೂದಿ. ದಾಸವಾಳದ ಹೂವು, ಬಸಳೆ ಸೊಪ್ಪು, ಗರಿಕೆ ತಿನ್ನಿಸುವ ಕೆಲಸ ನನ್ನದಾದ್ದರಿಂದ ಬೆನ್ನಿನ ಬಿಲ್ಲೆಯೊಂದರ ಅಂಚಿನಲ್ಲಿ ಬಿಳಿ ಮಚ್ಚೆಯನ್ನು ಮೊದಲು ನೋಡಿದವಳು ನಾನೇ. ವಾರದಲ್ಲಿ ಅದು ಹುಣಸೆಬೀಜದಷ್ಟಾಯಿತು. ಉಗುರಿನಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು, ಮೂಗಿಗೆ ಕೆಟ್ಟ ವಾಸನೆ ಹೊಡೆಯುತ್ತಿತ್ತು. ಅಪ್ಪನನ್ನು ಕರೆದು ತೋರಿಸಿದೆ. ಅಪ್ಪ ಬಗ್ಗಿ ನೋಡಿದರು, ಮೂಸಿದರು. ಕಾಫಿ ತೋಟದವರ ಬಾಯಲ್ಲಿ ಬರುವ ಮಾತೇ ಬಂತು.

"ಇದು ಕೊಳೆರೋಗ."

ಮಳೆ ಹಿಡಿದಾಗ ಕಾಫಿಯ ಎಲೆ ಕಾಯಿ ಕಪ್ಪಾಗಿ ಕೊಳೆತು ನೇತಾಡುವ ರೋಗಕ್ಕೆ ಆ ಹೆಸರು. ಅದಕ್ಕೆ ಮದ್ದು ಎಲ್ಲ ತೋಟದವರಿಗೂ ಗೊತ್ತು, ಮೈಲುತುತ್ತು ಮತ್ತು ಸುಣ್ಣ ಸೇರಿಸಿದ ನೀಲಿ ದ್ರಾವಣ. ಆ ಹೆಸರು ಹೊಳೆದ ಕೂಡಲೇ ಅಪ್ಪನ ಮುಖ ಹಗುರಾದದ್ದನ್ನು ನಾನು ನೋಡಿದೆ. ಕೊಳೆರೋಗ ಮಳೆಯಿಂದ ಬರುವುದು, ಯಾರ ಕೈಯಿಂದಲೂ ಅಲ್ಲ. ನಡುಕೋಣೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು:

"ಮಳೆಗೆ ಬರೋದಿದು. ಗಿಡಕ್ಕೂ ಬತ್ತದೆ, ಮೆಣಸಿನ ಬಳ್ಳಿಗೂ ಬತ್ತದೆ. ಯಾರ್ದೂ ತಪ್ಪಲ್ಲ. ಎರಡ್ ಸಲ ಔಷಧಿ ಹೊಡೆದ್ರೆ ಸರಿಹೋಯ್ತದೆ."

ಅಪ್ಪ ಆ ಕೆಲಸವನ್ನು ತೋಟಕ್ಕೆ ಮಾಡುವಷ್ಟೇ ಶ್ರದ್ಧೆಯಿಂದ ಮಾಡಿದರು. ಒಂದು ಮಗ್ಗಿನಲ್ಲಿ ಮೈಲುತುತ್ತು ಕರಗಿಸಿ, ಇನ್ನೊಂದರಲ್ಲಿ ಸುಣ್ಣ ಕಲಸಿ ಸೋಸಿ, ಎರಡನ್ನೂ ಒಟ್ಟಿಗೆ ಮೂರನೆಯದಕ್ಕೆ ಹೊಯ್ದರು. ಹೊಳೆಯುವ ಚಾಕುವಿನ ಅಲಗನ್ನು ಅದ್ದಿ ತೆಗೆದು ಬೆಳಕಿಗೆ ಹಿಡಿದರು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ, ಗಿಡ ಸುಟ್ಟುಹೋಗುತ್ತದೆ. ಕೆಂಪು ಹತ್ತಲಿಲ್ಲ. ತಮ್ಮ ಹಳೇ ಶೇವಿಂಗ್ ಬ್ರಷ್ಷಿನಿಂದ ಚಿಪ್ಪಿಗೆಲ್ಲ ಬಳಿದರು. ಬಾಗಿಲಲ್ಲಿ ನಿಂತಿದ್ದ ಅವ್ವ 'ಎಣ್ಣೆ?' ಅಂತ ಕೇಳಿದಳು. ಅಪ್ಪ ಬ್ರಷ್ ತೊಳೆಯುತ್ತಾ, 'ಎಣ್ಣೆ ನೀನು ಬೆಳಿಗ್ಗೆ ಹಚ್ಚು, ನಂದು ಸಾಯಂಕಾಲ' ಅಂದರು. ಯಾರ ಕೈಯನ್ನೂ ತಡೆಯದ ಹಾಗೆ ಎಷ್ಟು ಚೆನ್ನಾಗಿ ಹೊಂದಿಸಿದರಲ್ಲ ಅನ್ನಿಸಿತು ನನಗೆ. ಮುದ್ದೆ ಆಕಾಶದ ಬಣ್ಣಕ್ಕೆ ತಿರುಗಿತು. 'ನೀಲಕಂಠನ್ನ ಕೇಳಿದ್ದೆ, ನೀಲಬೆನ್ನ ಇದೊಂದೇ ನೋಡು' ಎಂದಳು ಅಜ್ಜಿ. ಹತ್ತು ದಿನ ಹೀಗೇ ನಡೆಯಿತು. ನೀಲಿಯ ಮೇಲೆ ಎಣ್ಣೆ, ಎಣ್ಣೆಯ ಮೇಲೆ ನೀಲಿ, ಎರಡರ ಕೆಳಗೆ ಮಚ್ಚೆ ಅಗಲವಾಗುತ್ತಲೇ ಇತ್ತು. ಕುತ್ತಿಗೆಯ ಸುತ್ತ ಚರ್ಮ ಬೆಳ್ಳಗಾಗಿ ಸುಲಿಯಿತು. ಮುದ್ದೆ ಕಣ್ಣು ಬಿಡುವುದನ್ನು ನಿಲ್ಲಿಸಿತು, ತಿನ್ನುವುದನ್ನೂ ನಿಲ್ಲಿಸಿತು. ಬಾಯಿಯ ಹತ್ತಿರ ಹಿಡಿದ ದಾಸವಾಳ ಸಂಜೆಯವರೆಗೆ ಹಾಗೇ ಬಾಡುತ್ತಿತ್ತು.

ಎಸ್ಟೇಟಿನ ಹಸುವಿಗೆ ಇಂಜೆಕ್ಷನ್ ಕೊಡಲು ಪಶು ಆಸ್ಪತ್ರೆಯ ಕಾಂಪೌಂಡರ್ ಬಂದಿದ್ದ ದಿನ ನಾನು ಯಾರನ್ನೂ ಕೇಳದೆ ಮುದ್ದೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಕೊಟ್ಟಿಗೆಗೆ ಹೋದೆ. ಅಪ್ಪನೂ ಅಲ್ಲೇ ಹಸುವಿನ ಹಗ್ಗ ಹಿಡಿದು ನಿಂತಿದ್ದರು. ಕಾಂಪೌಂಡರ್ ಬುಟ್ಟಿಯ ಬಟ್ಟೆ ಸರಿಸಿ, ಚಿಪ್ಪಿನ ನೀಲಿಯನ್ನು ಉಗುರಿನಿಂದ ಕೆರೆದು ನೋಡಿದರು.

"ರೈಟ್ರೇ, ಇದನ್ನೇನು ಕಾಫಿ ಗಿಡ ಅಂದ್ಕೊಂಡ್ರಾ? ತುತ್ತ ಹೊಡ್ದಿದ್ದೀರಲ್ಲ ಮಾರಾಯ್ರೆ!"

"ಕೊಳೀತಿತ್ತು..." ಎಂದರು ಅಪ್ಪ.

"ಚಿಪ್ಪು ಅಂದ್ರೆ ಪಾತ್ರೆ ಅಲ್ಲ, ಮೂಳೆ. ಒಳಗೆ ರಕ್ತ ಓಡ್ತದೆ. ಮೇಲೆ ಬೆರಳಿಟ್ರೂ ಅದಕ್ಕೆ ಗೊತ್ತಾಗ್ತದೆ. ಎಣ್ಣೆ ಏನಾದ್ರೂ ಹಚ್ತೀರಾ?"

ಅಪ್ಪ ಹಸುವಿನ ಕಡೆ ನೋಡಿದರು. 'ದಿನಾ ಬೆಳಿಗ್ಗೆ' ಎಂದೆ ನಾನು.

"ಅಲ್ಲೇ ಆಗಿದ್ದು. ಎಣ್ಣೆ ಹಚ್ಚಿ ಒದ್ದೆ ನೆಲದ ಮೇಲೆ ಬಿಟ್ರೆ ಯಾರು ಹಚ್ಚಿದ್ರೂ ಕೊಳೀಲೇಬೇಕು. ನಾನ್ ಹಚ್ಚಿದ್ರೂ ಕೊಳೀತದೆ, ಡಾಕ್ಟ್ರು ಹಚ್ಚಿದ್ರೂ ಕೊಳೀತದೆ."

ಮಾಡಬೇಕಾದ್ದನ್ನು ನನಗೇ ಹೇಳಿದರು. ಈ ನೀಲಿಯನ್ನೆಲ್ಲ ಬರೀ ನೀರಿನಲ್ಲಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತೊಳೆಯುವುದು. ಒರೆಸಿ ಪೂರ್ತಿ ಒಣಗಿಸುವುದು. ಟೀ ಡಿಕಾಕ್ಷನ್ ಬಣ್ಣ ಬರುವಷ್ಟು ಅಯೋಡಿನ್ ನೀರಿಗೆ ಬೆರೆಸಿ ಹತ್ತಿಯಲ್ಲಿ ಮಚ್ಚೆಗೆ ಒತ್ತುವುದು, ಮತ್ತೆ ಒಣಗಿಸುವುದು. ಒಣ ಹುಲ್ಲು ಹಾಸಿದ ಪೆಟ್ಟಿಗೆ. ಬಿಸಿಲು ಬಂದ ದಿನ ಬಿಸಿಲು, ಪಕ್ಕದಲ್ಲಿ ಸ್ವಲ್ಪ ನೆರಳು. ಮೊಟ್ಟೆ ಚಿಪ್ಪಿನ ಪುಡಿಯನ್ನು ಸೊಪ್ಪಿನ ಮೇಲೆ ಉದುರಿಸಿ ಕೊಡುವುದು. ಎಣ್ಣೆ ಒಂದು ಹನಿಯೂ ಇಲ್ಲ. 'ಎಣ್ಣೆ ನಿಲ್ಲಿಸ್ಲಿಲ್ಲ ಅಂದ್ರೆ ಈ ಮಳೆಗಾಲ ದಾಟಲ್ಲ ಇದು' ಎಂದು ಬ್ಯಾಗು ಮುಚ್ಚಿದರು. ಮನೆಗೆ ಬರುವ ದಾರಿಯಲ್ಲಿ ಅಪ್ಪ ಹೇಳಿದರು:

"ಅವ್ವಂಗೆ ನೀನ್ ಹೇಳ್ಬೇಡ. ನಾನ್ ಹೇಳ್ತೀನಿ. ಹೊತ್ತು ನೋಡಿ ಹೇಳ್ಬೇಕು ಇದನ್ನ."

ಆ ಹೊತ್ತು ಬರಲೇ ಇಲ್ಲ. ಇಡೀ ಬ್ಲಾಕಿನ ಕೆಲಸದವರನ್ನು ಒಂದು ಕೂಗಿಗೆ ನಿಲ್ಲಿಸುತ್ತಿದ್ದ ಅಪ್ಪ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡು, 'ಹೊಸಾ ಔಷಧಿ ಕೊಟ್ಟವ್ರೆ, ಒಂದ್ ವಾರ ಎಣ್ಣೆ ಬ್ಯಾಡವಂತೆ' ಎಂದಷ್ಟೇ ಹೇಳಿ ತಟ್ಟೆಯ ರಾಗಿಮುದ್ದೆ ಮುರಿದರು. ಅಜ್ಜಿಗೆ ವಿಷಯ ಗೊತ್ತಾಗಿ, 'ನಾನ್ ಹೇಳಿದ್ರೆ ಮುಗೀತು ಕತೆ, ನಾನಂತೂ ಬಾಯ್ ಬಿಡಲ್ಲಪ್ಪ' ಎಂದು ಒಲೆಯ ಕಡೆ ತಿರುಗಿಬಿಟ್ಟಳು. ಅವ್ವ ಆ ಒಂದು ವಾರ ಹಿತ್ತಿಲಿಗೆ ಬಂದು ನನ್ನ ಪಕ್ಕ ಸುಮ್ಮನೆ ಕೂರುತ್ತಿದ್ದಳು. ನಾನು ತೊಳೆದು, ಒರೆಸಿ, ಅಯೋಡಿನ್ ಒತ್ತಿ, ಹುಲ್ಲಿನ ಪೆಟ್ಟಿಗೆಯನ್ನು ಅಡುಗೆ ಒಲೆಯಿಂದ ಎರಡು ಮೊಳ ದೂರ ಇಡುತ್ತಿದ್ದೆ. ಐದನೇ ದಿನ ಮುದ್ದೆ ಕಣ್ಣು ಬಿಟ್ಟು ದಾಸವಾಳದ ಒಂದು ಎಸಳು ತಿಂದಿತು. ಆಗ ನನಗೆ ಸಂತೋಷವಾಯಿತು ಎಂದು ಬರೆಯಬೇಕು. ಆಗಲಿಲ್ಲ. ಸರಿ, ತಿಂದಿತು ಅಂದುಕೊಂಡೆ.

ವಾರ ಕಳೆದ ಮಾರನೇ ಬೆಳಿಗ್ಗೆ ಬಹಳ ದಿನದ ಮೇಲೆ ಬಿಸಿಲು ಬಂತು. ಹಾಜರಿಗೆ ಹೊತ್ತಾಯಿತೆಂದು ಅಪ್ಪ ನನ್ನ ಜಡೆ ಹಾಕದೆಯೇ ಹೋಗಿದ್ದರು. ನಾನು ಯೂನಿಫಾರ್ಮ್ ಹಾಕಿಕೊಂಡು, ಕೂದಲು ಬಿಚ್ಚಿಕೊಂಡೇ ಹಿತ್ತಿಲಲ್ಲಿ ಮುದ್ದೆಯನ್ನು ತೊಳೆದು ಒಣಗಲು ಬಿಟ್ಟಿದ್ದೆ. ಅವ್ವ ಬೆಚ್ಚಗಿನ ಎಣ್ಣೆ ಬಟ್ಟಲು ತಂದು, ಕಾಲು ನೀಡಿ ಕೂತು, ಎರಡೂ ಅಂಗೈಗೆ ಎಣ್ಣೆ ಸವರಿಕೊಂಡಳು. ಅವಳ ಮುಖದಲ್ಲಿ ಹಬ್ಬದ ದಿನದ ಕಳೆ ಇತ್ತು.

"ವಾರ ಆಯ್ತಲ್ಲ. ಕೊಡು ಇಲ್ಲಿ."

"ಬೇಡ ಅವ್ವ. ಎಣ್ಣೆ ಹಚ್ಬೇಡ."

"ಔಷಧಿ ಮುಗೀಲಿಲ್ವಾ?"

"ಎಣ್ಣೆಯಿಂದ್ಲೇ ಅದು ಕೊಳೆತಿರೋದು. ಕಾಂಪೌಂಡರ್ ಹೇಳಿದ್ರು. ಹಚ್ಚಿದ್ರೆ ಸತ್ತೋಯ್ತದಂತೆ."

ಅವ್ವ ಚಿಪ್ಪಿನ ಮೇಲೆ ಮಚ್ಚೆ ಕೊಳೆತು ಬಿದ್ದಿದ್ದ ಗುಳಿಯನ್ನು ನೋಡಿದಳು. ಆಮೇಲೆ ಬಿಸಿಲಿಗೆ ಮಿಂಚುತ್ತಿದ್ದ ತನ್ನ ಅಂಗೈಗಳನ್ನು ನೋಡಿಕೊಂಡಳು. ಗಂಟೆ ಎಷ್ಟಾಯಿತು ಎಂದು ಕೇಳುವಷ್ಟು ಮೆಲ್ಲಗೆ ಕೇಳಿದಳು:

"ನಾನ್ ಮುಟ್ಟಿದ್ದಕ್ಕಾ?"

"ಹೂಂ," ಎಂದೆ.

ಯಾರು ಹಚ್ಚಿದ್ರೂ ಕೊಳೀತದೆ ಎಂದು ಕಾಂಪೌಂಡರ್ ಹೇಳಿದ್ದು ನನ್ನ ಕಿವಿಯಲ್ಲಿ ಅಕ್ಷರ ಅಕ್ಷರ ಇತ್ತು. ಅದಿಷ್ಟನ್ನು ಹೇಳಿದ್ದರೆ ಸಾಕಿತ್ತು. ಎಣ್ಣೆ ಬೇರೆ, ಕೈ ಬೇರೆ. ಎಣ್ಣೆ ಬಿಟ್ಟು ಬರೀ ಕೈಯಲ್ಲಿ ತೊಳಿ, ಒರೆಸು, ಎತ್ತಿಕೋ ಅನ್ನಬಹುದಿತ್ತು. ನಾನು ಮರೆತು ಹಾಗೆಂದದ್ದಲ್ಲ. ನನ್ನ ತಲೆ ಮುಟ್ಟದ ಕೈ ಅದನ್ನೂ ಮುಟ್ಟಬಾರದು ಎಂದು ಹಾಗೆಂದೆ. ಅವ್ವ ಎದ್ದು ಬಚ್ಚಲಿಗೆ ಹೋಗಿ ಸೀಗೆಪುಡಿಯಲ್ಲಿ ಒಂದು ಸಲ ಕೈ ತೊಳೆದಳು, ಮೂಸಿ ನೋಡಿ ಇನ್ನೊಂದು ಸಲ ತೊಳೆದಳು, ಒಳಗೆ ಹೋದಳು. ನಾನು ಬಟ್ಟಲಿನ ಎಣ್ಣೆಯನ್ನು ಬಾಳೆ ಬುಡಕ್ಕೆ ಚೆಲ್ಲಿದೆ. ಮುದ್ದೆಗೆ ಅಯೋಡಿನ್ ಹಚ್ಚಿದೆ. ಜೀವಮಾನದಲ್ಲಿ ಮೊದಲ ಸಲ ನನ್ನ ಜಡೆಯನ್ನು ನಾನೇ ಸೊಟ್ಟಸೊಟ್ಟಗೆ ಹೆಣೆದುಕೊಂಡು ಸ್ಕೂಲಿಗೆ ಹೋದೆ. ಅಂದು ಲೆಕ್ಕದ ಪರೀಕ್ಷೆ ಇತ್ತು, ಚೆನ್ನಾಗಿಯೇ ಬರೆದೆ.

ಚಿಪ್ಪು ವಾಸಿಯಾಯಿತು. ಸಸ್ಯಾಹಾರಿ ಮನೆಯೊಳಗೆ ಮೊಟ್ಟೆ ಚಿಪ್ಪು ತರುವ ಹಾಗಿರಲಿಲ್ಲವಾದ್ದರಿಂದ ಸೆಲ್ವಿ ಲೈನಿನಲ್ಲೇ ಅದನ್ನು ಕುಟ್ಟಿ ಪುಡಿ ಮಾಡಿ ಪೊಟ್ಟಣ ಕಟ್ಟಿ, 'ಸುಣ್ಣ ಅಜ್ಜಿ, ಬರೀ ಸುಣ್ಣ' ಎಂದು ಅಜ್ಜಿಯ ಕೈಗೇ ಕೊಟ್ಟುಹೋಗುತ್ತಿದ್ದಳು. ಕಾಫಿ ಒಣಗಿಸುವ ಕಾಲಕ್ಕೆ ಕಣದ ಮೂಲೆಯಲ್ಲಿ ಮುದ್ದೆಗೂ ಬಿಸಿಲಲ್ಲಿ ಒಂದಿಷ್ಟು ಜಾಗ ಮಾಡಿಕೊಟ್ಟರು. ಮೆತ್ತಗಿದ್ದ ಪದರ ಒಣಗಿ ಸಿಪ್ಪೆಯಾಗಿ ಎದ್ದುಬಂತು, ಕೆಳಗೆ ಹೊಸದು ಕೂತಿತು. ಎರಡು ಬೇಸಿಗೆ ಹಿಡಿಯಿತು. ಗುಳಿಯ ಗುರುತು ಉಳಿಯಿತು, ಆದರೆ ತಟ್ಟಿದರೆ ಗಟ್ಟಿ ಸದ್ದು. ಇದನ್ನೆಲ್ಲ ಅವ್ವ ನಡುಕೋಣೆಯ ಕಿಟಕಿಯಿಂದ ನೋಡುತ್ತಿದ್ದಳು. ಮುದ್ದೆ ತಾನಾಗಿ ಹೊಸಲು ದಾಟಿ ಒಳಗೆ ಬಂದರೆ ಕಾಲೆರಡನ್ನೂ ಎತ್ತಿ ಮಂಚದ ಮೇಲಿಟ್ಟುಕೊಳ್ಳುತ್ತಿದ್ದಳು, ಅಸಹ್ಯದಿಂದಲ್ಲ. ಕಾಡುಪ್ರಾಣಿ ಸಾಕುವುದು ಅಪರಾಧ ಎಂದು ಫಾರೆಸ್ಟ್ ಗಾರ್ಡ್ ಒಬ್ಬರು ಹೇಳಿದ ಮೇಲೆ ಸೆಲ್ವಿ ಅದನ್ನು ಸಿಕ್ಕಿದ್ದ ಜಾಗಕ್ಕೇ ಒಯ್ದು ಬಿಟ್ಟುಬಂದಳು. ಅಜ್ಜಿ ತೀರಿಕೊಂಡ ಮೇಲೆ ಬೇರೆ ದಾರಿ ಇಲ್ಲದೆ ಅವ್ವ ಒಲೆಯ ಮುಂದೆ ಬಂದು ಕೂತಳು, ಅನ್ನ ಸಾರು ಮಾಡಿದಳು. ಮೊಸರಿಗೆ ಮಾತ್ರ ಕೊನೆಯವರೆಗೂ ಅಪ್ಪನೇ ಹೆಪ್ಪು ಹಾಕುತ್ತಿದ್ದರು. ನನ್ನ ತಲೆಯನ್ನು ಅವಳು ಮುಟ್ಟಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ನಾನು ಅವ್ವನಿಗೆ ಹೂಂ ಎಂದ ಆ ದಿನವೇ ಸಂಜೆ ಅಪ್ಪ ತೋಟದಿಂದ ಬಂದು, ಎಣ್ಣೆಯ ಬಟ್ಟಲು ತೊಳೆದು ಬೋರಲು ಹಾಕಿದ್ದನ್ನು ನೋಡಿ ನನ್ನನ್ನು ಹೊರಗೆ ಕರೆದಿದ್ದರು.

"ಅವ್ವಂಗೆ ಹೇಳ್ದ್ಯಾ?"

"ಹೇಳ್ದೆ."

"ಹೆಂಗ್ ಹೇಳ್ದೆ?"

"ಎಣ್ಣೆ ಆಮೆಗೆ ಆಗಲ್ವಂತೆ, ಅಂತ."

"ಏನಂದ್ಲು?"

"ಏನೂ ಅನ್ಲಿಲ್ಲ."

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, 'ನನ್ ಕೈಲಿ ಆಗ್ತಿರ್ಲಿಲ್ಲ ಮಗಾ' ಎಂದರು. ಅವರು ಅದನ್ನು ಜೀವಮಾನವಿಡೀ ನಂಬಿದರು. ಊರಿನಿಂದ ನೆಂಟರು ಬಂದಾಗ, ನನಗೆ ನರ್ಸಿಂಗ್ ಸೀಟು ಸಿಕ್ಕಿದಾಗ, ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಇದೇ ಮಾತು ತೆಗೆಯುತ್ತಿದ್ದರು. ಇವಳು ಹನ್ನೊಂದು ವರ್ಷಕ್ಕೇ ಅವ್ವನ ಮನಸ್ಸಿಗೆ ಒಂಚೂರೂ ನೋವಾಗದ ಹಾಗೆ ತಿಳಿಸಿ ಹೇಳಿ ಒಂದು ಜೀವ ಉಳಿಸಿದವಳು, ನಾನು ಗಂಡಸಾಗಿ ಎಂಟು ದಿನ ಒದ್ದಾಡಿದೆ ಎಂದು ಹೇಳಿ ನಗುತ್ತಿದ್ದರು. ಬಂದವರು ಪಕ್ಕದಲ್ಲಿ ಕೂತಿರುತ್ತಿದ್ದ ಅವ್ವನ ಕಡೆ ತಿರುಗಿ ಹೌದೇನವ್ವ ಎಂದು ಕೇಳುತ್ತಿದ್ದರು. ನಾನು ಕಾಫಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತಾ ತಲೆಯೆತ್ತದೆ ನಿಂತಿರುತ್ತಿದ್ದೆ. ಅವ್ವ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು.

"ಹೌದು. ಚೆನ್ನಾಗೇ ಹೇಳಿದ್ಲು."